ಲಾವಣಿಯ ಹೊಲ, ಪಾಲಿನ ಹೊಲ

ಔರಾದ್ ತಾಲ್ಲೂಕಿನ ಎಕಂಬಾ ನನ್ನ ಊರು. ಹೊಲವಿದ್ದೂ ತಾನೇ ಉಳಲಾರದವನಿಗೆ ನಮ್ಮ ಸೀಮೆಯಲ್ಲಿ ಎರಡು ದಾರಿಗಳುಂಟು. ಒಂದು ಲಾವಣಿ: ವರ್ಷಕ್ಕೆ ಇಷ್ಟು ರೂಪಾಯಿ ಎಂದು ಗೊತ್ತುಮಾಡಿ ಹೊಲವನ್ನು ಇನ್ನೊಬ್ಬರಿಗೆ ಒಪ್ಪಿಸುವುದು. ಇನ್ನೊಂದು ಪಾಲು: ಬೆಳೆದ ತೊಗರಿ, ಉದ್ದು, ಜೋಳಗಳಲ್ಲಿ ಒಂದು ಭಾಗ ಒಡೆಯನಿಗೆ ಎಂದು ಮಾತಾಗುವುದು. ಲಾವಣಿಗೆ ಕೊಟ್ಟವನು ಮಳೆ ಕೈಕೊಟ್ಟ ವರ್ಷವೂ ನಿಶ್ಚಿಂತೆಯಿಂದ ನಿದ್ರಿಸುತ್ತಾನೆ. ಪಾಲಿಗೆ ಕೊಟ್ಟವನು ಮೃಗಶಿರಾ ಮಳೆಯಿಂದಲೇ ಆಕಾಶ ನೋಡತೊಡಗುತ್ತಾನೆ. ನಮ್ಮ ಕಾಕಾ ಹತ್ತು ವರ್ಷಗಳ ಲಾವಣಿಗೆ ಹೊಲ ಬರೆದುಕೊಟ್ಟು ಬೀದರಿಗೆ ಬಿಡಾರ ಬದಲಿಸಿದರು. ಮೊದಲ ವರ್ಷ ಆ ಹಣದಲ್ಲಿ ಮನೆ ಬಾಡಿಗೆಯೂ ಮಕ್ಕಳ ಶಾಲೆಯ ಖರ್ಚೂ ಸಾಗಿದವು. ಹತ್ತನೆಯ ವರ್ಷ ಅದು ಬಾಡಿಗೆಗೇ ಸಾಲಲಿಲ್ಲ. ಹೊಲ ಅಷ್ಟೇ ಇತ್ತು, ಹಣವೂ ಅಷ್ಟೇ ಬರುತ್ತಿತ್ತು. ಬದಲಾದದ್ದು ಬೀದರಿನ ಪೇಟೆ.

ಬ್ಯಾಂಕಿನ ಮುದ್ದತಿನ ಠೇವಣಿ ಲಾವಣಿಯ ಹೊಲ, ಕಂಪನಿಯ ಷೇರು ಪಾಲಿನ ಹೊಲ ಎಂಬುದು ನನಗೆ ಹೊಳೆಯುವ ಹೊತ್ತಿಗೆ ನನ್ನ ತಲೆ ನರೆತಿತ್ತು. ನಾನು ಅರ್ಥಶಾಸ್ತ್ರದ ಪಂಡಿತನಲ್ಲ. ಖಾಸಗಿ ಶಾಲೆಯಲ್ಲಿ ಗಣಿತ ಕಲಿಸಿ, ಪಿಂಚಣಿಯಿಲ್ಲದೆ ನಿವೃತ್ತನಾದ ಮಾಸ್ತರ. ಕೈಗೆ ಬಂದುದನ್ನೆಲ್ಲ ಠೇವಣಿಯಿಟ್ಟು, ಬಡ್ಡಿಯಲ್ಲಿ ಬಾಳು ಸಾಗುತ್ತದೆಂದು ನಂಬಿದ್ದೆ. ಬೆಲೆಗಳು ವರ್ಷಕ್ಕೆ ನೂರಕ್ಕೆ 6ರಂತೆ ಏರಿದರೆ 12 ವರ್ಷಗಳಲ್ಲಿ ಇಮ್ಮಡಿಯಾಗುತ್ತವೆಂಬ ಲೆಕ್ಕವನ್ನು ಎಷ್ಟೋ ಮಕ್ಕಳಿಂದ ಬಿಡಿಸಿದವನು, ನನ್ನ ಮನೆಯ ವಿಷಯದಲ್ಲಿ ಅದನ್ನು ಬಿಡಿಸಿರಲಿಲ್ಲ. ಅರವತ್ತರಲ್ಲಿ ತಿಂಗಳಿಗೆ ಸಾಕಾದ ಹಣ ಎಪ್ಪತ್ತೆರಡರಲ್ಲಿ ಹದಿನೈದು ದಿನಕ್ಕೆ ಮುಗಿಯುತ್ತದೆ. ಔಷಧಿಯಂಗಡಿಗೆ ಹೆಚ್ಚು ಹೋಗಬೇಕಾದ ವಯಸ್ಸು ಅದು.

ಕಂಪನಿ ತನ್ನ ಲಾಭದಲ್ಲಿ ಷೇರುದಾರರಿಗೆ ಹಂಚುವ ಭಾಗವೇ ಲಾಭಾಂಶ. ಅದನ್ನು ಆ ವರ್ಷದ ಇಲ್ಲವೆ ಹಿಂದಿನ ವರ್ಷಗಳ ಲಾಭದಿಂದ ಕೊಡಬೇಕೆಂದು 2013ರ ಕಂಪನಿಗಳ ಕಾಯಿದೆ ಹೇಳುತ್ತದೆ. ಪ್ರತಿವರ್ಷ ಕೊಡಲೇಬೇಕೆಂದೇನೂ ಹೇಳುವುದಿಲ್ಲ. ಆದ್ದರಿಂದಲೇ ಅದು ಮಾತಿಗಿಂತ ಗಟ್ಟಿಯಾದ ಸಾಕ್ಷಿ. ವಾರ್ಷಿಕ ವರದಿಯಲ್ಲಿ ಏನನ್ನಾದರೂ ಬಣ್ಣಿಸಬಹುದು. ಷೇರುದಾರನ ಖಾತೆಗೆ ಕಳುಹಿಸುವ ರೊಕ್ಕವನ್ನು ಬಣ್ಣಿಸಲು ಬರುವುದಿಲ್ಲ, ಅದು ಕೈಯಲ್ಲಿರಬೇಕು. ಹೋದ ವರ್ಷಕ್ಕಿಂತ ಈ ವರ್ಷ ಹೆಚ್ಚು, ಅದಕ್ಕಿಂತ ಮುಂದಿನ ವರ್ಷ ಹೆಚ್ಚು ಎಂದು ಕೊಡುತ್ತ ಹೋಗುವವರಿಗೆ ತಮ್ಮ ಗಳಿಕೆಯ ಮೇಲೆ ನಂಬಿಕೆಯಿರಲೇಬೇಕು.

ಈ ‘ಏರಿಕೆ’ಯನ್ನು ನಾನು ಮೊದಲು ತಪ್ಪಾಗಿ ತಿಳಿದೆ. ಒಂದು ಕಂಪನಿ ಷೇರಿನ ಬೆಲೆಯ ನೂರಕ್ಕೆ 11ರಷ್ಟು ಲಾಭಾಂಶ ಕೊಟ್ಟಿತೆಂದು ಓದಿ, ಒಂದು ಠೇವಣಿಯನ್ನು ಮುರಿದು ಅದರ ಷೇರು ಕೊಂಡೆ. ಮನೆಯಲ್ಲಿ ಹೆಮ್ಮೆಯಿಂದ ಹೇಳಿದಾಗ ನನ್ನ ಹೆಂಡತಿ ಕೇಳಿದಳು: “ಹಾಲು ಹೆಚ್ಚಾಗ್ಯಾವ ಅಂತೀರಿ. ಆಕಳ ಸೊರಗ್ಯದೋ ಏನೋ ನೋಡೀರೇನ್ರಿ?” ದೇವಣಿ ಆಕಳುಗಳನ್ನು ಸಾಕಿದ ಮನೆಯಿಂದ ಬಂದವಳು ಆಕೆ. ನಾನು ನೋಡಿರಲಿಲ್ಲ. ಕಂಪನಿ ಆ ವರ್ಷ ತನ್ನ ಹಳೆಯ ಜಾಗವೊಂದನ್ನು ಮಾರಿ, ಬಂದ ಹಣವನ್ನು ಹಂಚಿತ್ತು. ಮರುವರ್ಷ ಮಾರಲು ಜಾಗವಿರಲಿಲ್ಲ, ವ್ಯಾಪಾರವೂ ಕುಸಿದಿತ್ತು. ಲಾಭಾಂಶ ನಿಂತಿತು; ಷೇರಿನ ಬೆಲೆ ಅರ್ಧಕ್ಕಿಳಿಯಿತು. ಆ ಠೇವಣಿ ಆಕೆಯ ಕಣ್ಣಿನ ಶಸ್ತ್ರಚಿಕಿತ್ಸೆಗೆಂದು ಇಟ್ಟದ್ದು. ಶಸ್ತ್ರಚಿಕಿತ್ಸೆ ಒಂದು ವರ್ಷ ಮುಂದಕ್ಕೆ ಹೋಯಿತು. ಆಕೆ ಆ ಮಾತನ್ನು ಮತ್ತೆ ಎತ್ತಲಿಲ್ಲ, ಎತ್ತಿದ್ದರೆ ನನಗೆ ಹಗುರಾಗುತ್ತಿತ್ತು.

ಸೊರಗದ ಆಕಳು ಹೇಗಿರುತ್ತದೆಂದು ತಿಳಿಯಲು ಆಮೇಲೆ ನಮ್ಮ ನಾಡಿನದೇ ಲೆಕ್ಕವೊಂದನ್ನು ಹಿಡಿದು ಕುಳಿತೆ. ಬೆಂಗಳೂರಿನ ಇನ್ಫೋಸಿಸ್ 1993ರಲ್ಲಿ 95 ರೂಪಾಯಿಗೊಂದರಂತೆ ಷೇರುಗಳನ್ನು ಸಾರ್ವಜನಿಕರ ಮುಂದಿಟ್ಟಾಗ ಜನ ಅವನ್ನು ಪೂರ್ತಿಯಾಗಿ ಕೊಳ್ಳಲಿಲ್ಲ. ಅಂದು 9,500 ರೂಪಾಯಿ ಕೊಟ್ಟು 100 ಷೇರು ಕೊಂಡು, ಒಂದನ್ನೂ ಮಾರದೆ ಇಟ್ಟುಕೊಂಡವನ ಬಳಿ, 1994ರಿಂದ 2018ರವರೆಗಿನ ಬೋನಸ್ ಷೇರುಗಳೂ 2000ದಲ್ಲಿ ಒಂದು ಷೇರನ್ನು ಎರಡಾಗಿ ಒಡೆದದ್ದೂ ಸೇರಿ, 1,02,400 ಷೇರುಗಳಾದವು. 2024-25ರ ಸಾಲಿಗೆ ಕಂಪನಿ ಷೇರಿಗೆ 43 ರೂಪಾಯಿ ಲಾಭಾಂಶ ಕೊಟ್ಟಿತು. ಗುಣಿಸಿದರೆ 44,03,200 ರೂಪಾಯಿ, ಒಂದೇ ವರ್ಷಕ್ಕೆ.

ಈ ಸಂಖ್ಯೆ ಕೇಳಿ ಯಾರೂ ಹುರುಪಾಗಬಾರದು. ಇಂತಹ ಕಂಪನಿ ನೂರರಲ್ಲಿ ಒಂದೂ ಅಲ್ಲ. 1993ರಲ್ಲಿ ಅದರ ಹಣೆಯ ಮೇಲೆ ಏನನ್ನೂ ಬರೆದಿರಲಿಲ್ಲ. ನಡುವೆ ಮಗಳ ಮದುವೆಗೋ ಬಾವಿ ತೋಡಿಸುವುದಕ್ಕೋ ಮಾರಿದವರೇ ಹೆಚ್ಚಿರಬೇಕು. ಅವರನ್ನು ಮೂರ್ಖರೆನ್ನಲು ನಾನು ಸಿದ್ಧನಿಲ್ಲ. ನನಗೆ ಉಪಯೋಗಕ್ಕೆ ಬಂದದ್ದು ಆಚೀಚಿನ ಸಣ್ಣ ಅಂಕಿಗಳು. ಅದೇ ಕಂಪನಿ 2019-20ರಲ್ಲಿ ಷೇರಿಗೆ 17.50 ರೂಪಾಯಿ ಕೊಟ್ಟಿತು. ಮುಂದಿನ ವರ್ಷಗಳಲ್ಲಿ 27, 31, 34. 2023-24ರಲ್ಲಿ 38 ಕೊಟ್ಟು, ಅದರ ಮೇಲೆ 8 ರೂಪಾಯಿಯ ವಿಶೇಷ ಲಾಭಾಂಶ ಸೇರಿಸಿತು. ಆ 8ನ್ನು ನಾನು ಏರಿಕೆಯೆಂದು ಎಣಿಸುವುದಿಲ್ಲ. ಹಬ್ಬದ ಹೋಳಿಗೆ ದಿನದ ಊಟದ ಲೆಕ್ಕಕ್ಕೆ ಬರಬಾರದೆಂಬುದನ್ನು ಮಾರಿದ ಜಾಗ ನನಗೆ ಕಲಿಸಿದೆ.

1,500 ರೂಪಾಯಿಗೆ ಷೇರು ಕೊಂಡು 43 ಪಡೆದವನಿಗೆ ನೂರಕ್ಕೆ 3 ಕೂಡ ತುಂಬುವುದಿಲ್ಲ. ಠೇವಣಿ 7 ಕೊಡುತ್ತಿದ್ದರೆ ಅವನು ನಗೆಪಾಟಲು. ಆದರೆ ಆ 3, ವರ್ಷಕ್ಕೆ ನೂರಕ್ಕೆ 10ರಂತೆ ಬೆಳೆದರೆ, 7ನ್ನು ದಾಟಲು ಒಂಬತ್ತು ವರ್ಷ ಬೇಕು. ಬಳಿಕ ಹಿಂದೆ ಬೀಳುವುದಿಲ್ಲ. ಆ ‘ಬೆಳೆದರೆ’ ಎಂಬುದರಲ್ಲಿಯೇ ಎಲ್ಲ ಅಪಾಯವೂ ಅಡಗಿದೆ. ಅಮೆರಿಕದಲ್ಲಿ 25 ವರ್ಷ ಬಿಡದೆ ಲಾಭಾಂಶ ಏರಿಸಿದ ದೊಡ್ಡ ಕಂಪನಿಗಳ ಪಟ್ಟಿಯನ್ನೇ ಇಡುತ್ತಾರೆ. ದಶಕಗಳ ಕಾಲ ಏರಿಸುತ್ತ ಬಂದಿದ್ದ ಅಲ್ಲಿನ ಜನರಲ್ ಎಲೆಕ್ಟ್ರಿಕ್ ಕಂಪನಿಯೂ 2009ರಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ಇಳಿಸಿತು. ಹಾಗಾಗಿ ನಾನು ಈಗ ಲಾಭಾಂಶವನ್ನಷ್ಟೇ ನೋಡದೆ, ಅದರ ಪಕ್ಕದಲ್ಲಿ ಲಾಭ ಬೆಳೆದಿದೆಯೋ, ಸಾಲ ಬೆಳೆದಿದೆಯೋ ಎಂದು ನೋಡುತ್ತೇನೆ. ಲಾಭ ನಿಂತಲ್ಲೇ ನಿಂತು ಲಾಭಾಂಶ ಮಾತ್ರ ಏರುತ್ತಿದ್ದರೆ ಬೀಜದ ಜೋಳವನ್ನು ಬೀಸುತ್ತಿದ್ದಾರೆಂದು ಅರ್ಥ. ಆಸ್ಪತ್ರೆಗೆ ಬೇಕಾಗುವ ಹಣ ಮತ್ತೆ ಠೇವಣಿಗೇ ಹೋಗಿದೆ. ಒಂಬತ್ತು ವರ್ಷ ಕಾಯಬಲ್ಲ ಹಣ ಮಾತ್ರ ಪಾಲಿನ ಹೊಲಕ್ಕೆ, ಅದೂ ಒಂದೇ ಹೊಲಕ್ಕಲ್ಲ.

ಇನ್ನೆರಡು ಮಾತು. 2020ರ ಏಪ್ರಿಲ್ 1ರಿಂದ ಲಾಭಾಂಶದ ತೆರಿಗೆ ಷೇರುದಾರನ ಆದಾಯದ ಲೆಕ್ಕಕ್ಕೇ ಸೇರುತ್ತದೆ. ಏಳು ವರ್ಷ ಯಾರೂ ಕೇಳದೆ ಉಳಿದ ಲಾಭಾಂಶವೂ ಅದರ ಷೇರುಗಳೂ ಸರಕಾರದ ಹೂಡಿಕೆದಾರರ ಶಿಕ್ಷಣ ಮತ್ತು ರಕ್ಷಣಾ ನಿಧಿಗೆ ಹೋಗುತ್ತವೆ. ಅರ್ಜಿ ಹಾಕಿ ಹಿಂದಕ್ಕೆ ಪಡೆಯಬಹುದು, ಆದರೆ ಷೇರು ಇತ್ತೆಂಬುದೇ ಮನೆಯವರಿಗೆ ಗೊತ್ತಿಲ್ಲದಿದ್ದರೆ ಅರ್ಜಿ ಹಾಕುವವರು ಯಾರು? ನಮ್ಮ ಮನೆಯಲ್ಲಿ ಯಾವ ಕಂಪನಿ, ಎಷ್ಟು ಷೇರು, ಹೋದ ವರ್ಷ ಎಷ್ಟು ಬಂತು, ಈ ವರ್ಷ ಎಷ್ಟು ಎಂದು ಬರೆದಿಟ್ಟ ನೋಟುಪುಸ್ತಕವಿದೆ. ಅದನ್ನು ಬರೆಯುವವಳು ನನ್ನ ಹೆಂಡತಿ. ಈಗ ಆಕೆಗೆ ಅಕ್ಷರ ಚೆನ್ನಾಗಿ ಕಾಣುತ್ತದೆ.