ಈ ವಾರ ಕಾರಿನಲ್ಲಿ ಕೇಳಿದ್ದು

"ನೀವು ಯಾವಾಗ್ಲೂ ಕಿವಿಗೆ ಏನಾದ್ರೂ ಸಿಕ್ಕಿಸ್ಕೊಂಡೇ ಇರ್ತೀರಲ್ಲ, ಅದರ ಬಗ್ಗೆನೇ ಮಾತಾಡಿ" ಅಂದ್ರು ನಮ್ಮವರು. ಹಾಗಾಗಿ ಈ ವಾರ ನಾನು ಕೇಳಿದ ಆಲ್ಬಮ್‌ಗಳ ವಿಷಯ. ನಾನು ಸಂಗೀತ ಕಲಿತವನಲ್ಲ, ಸರಿಯಾಗಿ ತಾಳ ಹಾಕೋಕೂ ಬರಲ್ಲ.

ಸೋಮವಾರ 'ನಿತ್ಯೋತ್ಸವ'. ನಿಸಾರ್ ಅಹಮದರ ಕವಿತೆಗಳು, ಮೈಸೂರು ಅನಂತಸ್ವಾಮಿಯವರ ಸಂಯೋಜನೆ, 1978ರಲ್ಲಿ ಬಂದದ್ದು. ಕನ್ನಡ ಭಾವಗೀತೆಯ ಮೊದಲ ಕ್ಯಾಸೆಟ್ ಅಂತ ಹೆಸರು. ನವೆಂಬರ್ ಬಂದ್ರೆ ಎಲ್ಲರೂ ಆ ಒಂದೇ ಹಾಡು ಹಾಡ್ತೀವಿ; ಮಿಕ್ಕವನ್ನ ಯಾರೂ ಕೇಳಲ್ಲ ಅನ್ನೋದು ನನ್ನ ದೂರು.

ಮಂಗಳವಾರ ಇಲ್ಲಿಯದೇ ಒಂದು. ಪ್ಲ್ಯಾಂಕ್ಸ್‌ಟಿ ತಂಡದ್ದು, 1973ರದು. ಜೊತೆ ಕೆಲಸ ಮಾಡೋ ಹಿರಿಯರೊಬ್ಬರು "ಕೇಳಿ ನೋಡು" ಅಂದಿದ್ರು. ಅದರಲ್ಲಿ ಲಿಯಾಮ್ ಓ'ಫ್ಲಿನ್ ಇಲನ್ ಪೈಪ್ಸ್ ನುಡಿಸ್ತಾರೆ. ಬಾಯಲ್ಲಿ ಊದೋದಲ್ಲ, ಮೊಣಕೈಯಿಂದ ತಿದಿ ಒತ್ತಿ ಗಾಳಿ ತುಂಬೋ ವಾದ್ಯ. ರಾಗದ ಕೆಳಗೆ ಒಂದೇ ಸ್ವರ ಬಿಡದೆ ಹಿಡ್ಕೊಂಡಿರುತ್ತೆ. ಕಣ್ಣು ಮುಚ್ಚಿದ್ರೆ ನಮ್ಮ ಶ್ರುತಿಪೆಟ್ಟಿಗೆ!

ಇಷ್ಟನ್ನೂ ನಾನು ಕೇಳ್ತಿದ್ದದ್ದು ಇಯರ್‌ಫೋನ್‌ನಲ್ಲಿ. ರಾತ್ರಿ ಪಾಳಿ ಮುಗಿಸಿ ಬಂದು, ಮನೆಯವರಿಗೆ ತೊಂದರೆ ಬೇಡ ಅಂತ, ವರ್ಷಗಟ್ಟಲೆ. ಹೋದ ರಾಜ್ಯೋತ್ಸವದಲ್ಲಿ ಮಕ್ಕಳನ್ನೆಲ್ಲ ವೇದಿಕೆಗೆ ಕರೆದ್ರಲ್ಲ, ನನ್ನ ಮಗಳು ಬಾಯಿ ಬಿಡದೆ ಕಾಲ್ಬೆರಳು ನೋಡ್ತಾ ನಿಂತಿದ್ಲು. ಒಂದು ಹಾಡೂ ಬರಲ್ಲ ಅವಳಿಗೆ. ಬರೋದು ಹೇಗೆ? ಮನೆ ತುಂಬ ಕನ್ನಡ ಹಾಡಿತ್ತು, ಆದರೆ ನನ್ನೊಬ್ಬನ ಕಿವಿಯೊಳಗೆ. ಆ ಸಂಜೆ ಊಟ ಸೇರಲಿಲ್ಲ ನನಗೆ.

ಈಗ ಅವಳನ್ನ ಶಾಲೆಗೆ ಬಿಡುವಾಗ ಕಾರಿನ ಸ್ಪೀಕರ್‌ಗೇ ಹಾಕ್ತೀನಿ. ಬುಧವಾರ ರಘು ದೀಕ್ಷಿತರ 2008ರ ಆಲ್ಬಮ್. ಗಿಟಾರ್ ಇದೆ ಅಂತ ಸುಮ್ಮನೆ ಕೂತು ಕೇಳಿದಳು. ಅದರಲ್ಲೂ ಶಿಶುನಾಳ ಷರೀಫರ ಪದಗಳಿವೆ. ಅದೇ ದಾರಿ ಹಿಡಿದು ಗುರುವಾರ ಹಿಂದಕ್ಕೆ ಹೋದೆವು: 1990ರ 'ಸಂತ ಶಿಶುನಾಳ ಷರೀಫ' ಸಿನಿಮಾದ ಹಾಡುಗಳು, ಸಿ. ಅಶ್ವಥ್. ಆ ಗಂಟಲು ಕೇಳಿದ್ರೆ ಈ ಮಳೆಯಲ್ಲೂ ಹಾವೇರಿ ಕಡೆ ಬಿಸಿಲು ಹೊಡೆದಂಗಾಗುತ್ತೆ. (ಶನಿವಾರ ಅಡುಗೆಮನೆಯಲ್ಲಿ ಭೀಮಸೇನ ಜೋಶಿಯವರ ದಾಸವಾಣಿ. ಅದರ ಬಗ್ಗೆ ನಾನೇನು ಹೇಳಲಿ!)

"ಯಾರಪ್ಪಾ ಈ ಷರೀಫ್?" ಅಂದ್ಲು. ಮುಸ್ಲಿಂ ಮನೆಯಲ್ಲಿ ಹುಟ್ಟಿದವರು, ಕಳಸದ ಗೋವಿಂದಭಟ್ಟರು ಅವರ ಗುರು, ಬ್ರಾಹ್ಮಣರು, ತಮ್ಮ ಜನಿವಾರವನ್ನೇ ಶಿಷ್ಯನಿಗೆ ಹಾಕಿದ್ರಂತೆ ಅಂದೆ. ಶಾಲೆಯಲ್ಲಿ ಕ್ಯಾಥೊಲಿಕ್-ಪ್ರಾಟೆಸ್ಟೆಂಟ್ ಗಲಾಟೆ ಪಾಠ ಆಗಿತ್ತು ಅಂತ ಕಾಣುತ್ತೆ. "ಮತ್ತೆ ಊರವರು ಸುಮ್ನೆ ಬಿಟ್ರಾ?" ಅಂದ್ಲು.

ಬಿಡಲಿಲ್ಲ ಮಗಳೇ, ಎರಡೂ ಕಡೆಯವರು ಬೈದ್ರಂತೆ ಅಂತ ಹೇಳೋಷ್ಟರಲ್ಲಿ ಶಾಲೆ ಬಂತು. ಊಟದ ಡಬ್ಬಿ ಮರೆತು ಇಳಿದು ಓಡಿದ್ಲು. ಅದನ್ನ ಹಿಡ್ಕೊಂಡು ನಾನೂ ಹಿಂದೆ ಓಡಿದೆ. ಕಾರಿನ ಬಾಗಿಲು ತೆರೆದೇ ಇತ್ತು, ಅಶ್ವಥ್ ಹಾಡ್ತಾನೇ ಇದ್ರು.