ರಂಗಸ್ಥಳ, ನ್ಯಾಯಸ್ಥಾನ ಮತ್ತು ನಮ್ಮ ಸಮಾಜ
(ಉತ್ಸವದ ಸಾಂಸ್ಕೃತಿಕ ಸಭೆಯಲ್ಲಿ ಮಾಡಿದ ಉಪನ್ಯಾಸ)



ರಾತ್ರಿಯ ನಾಟಕ ಆರಂಭವಾಗುವ ಮೊದಲು ನಾಲ್ಕು ಮಾತು ಹೇಳಬೇಕೆಂದು ಸಮಿತಿಯವರು ಅಪ್ಪಣೆ ಮಾಡಿದ್ದಾರೆ. ನಾಟಕಕ್ಕಾಗಿ ಕಾದು ಕುಳಿತ ಜನರ ಮುಂದೆ ಭಾಷಣ ಮಾಡುವವನ ಪಾಡು ಏನೆಂಬುದು ನನಗೆ ಗೊತ್ತು. ಆದ್ದರಿಂದ ಹೆಚ್ಚು ಹೊತ್ತು ತೆಗೆದುಕೊಳ್ಳುವುದಿಲ್ಲ. ಹಗಲು ಕಚೇರಿಗಳಲ್ಲಿ ವಕೀಲಿ ಮಾಡಿ, ರಾತ್ರಿ ಜಾತ್ರೆಗಳಲ್ಲಿ ನಾಟಕ ನೋಡಿ ಮುದುಕನಾದವನು ನಾನು. ಈ ಎರಡೂ ಸ್ಥಳಗಳ ಸಂಬಂಧದ ಬಗ್ಗೆ ನನಗೆ ತೋಚಿದ್ದನ್ನು ನಿಮ್ಮ ಮುಂದೆ ಇಡುತ್ತೇನೆ.

ಎರಡು ಕಡೆಯೂ ಎತ್ತರದ ಪೀಠವಿದೆ, ವೇಷವಿದೆ, ಮಾತಿನ ಸರದಿ ಇದೆ, ಸುತ್ತಲೂ ಜನರಿದ್ದಾರೆ. ಆದರೆ ರಂಗಸ್ಥಳದಲ್ಲಿ ನಡೆದುದೆಲ್ಲ ನಮ್ಮ ಕಣ್ಣೆದುರೇ ನಡೆಯುತ್ತದೆ. ನ್ಯಾಯಾಧೀಶರ ಕಣ್ಣೆದುರು ಏನೂ ನಡೆದಿರುವುದಿಲ್ಲ. ಅವರು ಸಾಕ್ಷಿಯ ಬಾಯಿಂದಲೇ ಕಾಣಬೇಕು. ಸಾಕ್ಷಿ ಬಾಯಿ ಮುಚ್ಚಿದರೆ ನ್ಯಾಯಸ್ಥಾನ ಕುರುಡಾಗುತ್ತದೆ.

ಈ ಮಾತನ್ನು ಶೂದ್ರಕ ಮಹಾಕವಿ ಬಹಳ ಹಿಂದೆಯೇ ತನ್ನ ‘ಮೃಚ್ಛಕಟಿಕ’ದಲ್ಲಿ ತೋರಿಸಿಕೊಟ್ಟಿದ್ದಾನೆ. ಅದರ ಒಂಬತ್ತನೆಯ ಅಂಕವೇ ನ್ಯಾಯಾಲಯದ ವಿಚಾರಣೆ. ರಾಜನ ಮೈದುನ ಶಕಾರನು ತಾನೇ ವಸಂತಸೇನೆಯ ಕತ್ತು ಹಿಸುಕಿ, ಆಕೆ ಸತ್ತಳೆಂದು ತಿಳಿದು, ಬಡವನಾದ ಚಾರುದತ್ತನ ಮೇಲೆ ಕೊಲೆಯ ದೂರು ತರುತ್ತಾನೆ. ನ್ಯಾಯಾಧೀಶ ಕೆಟ್ಟವನಲ್ಲ. ಈ ದಿನ ನಿನ್ನ ದೂರು ಕೇಳುವುದಿಲ್ಲ ಎಂದು ಮೊದಲು ಹೇಳಿ ಕಳಿಸುತ್ತಾನೆ. ರಾಜನಿಗೆ ಹೇಳಿ ನಿನ್ನ ಕೆಲಸ ತೆಗೆಸುತ್ತೇನೆ ಎಂದು ಶಕಾರ ಬೆದರಿಸಿದಾಗ ಮಣಿಯುತ್ತಾನೆ. ನಿಜ ತಿಳಿದ ಸಾಕ್ಷಿ ಶಕಾರನ ಗಾಡಿ ಹೊಡೆಯುವ ಆಳು ಸ್ಥಾವರಕ. ಅವನನ್ನು ಯಜಮಾನ ಬೇಡಿ ತೊಡಿಸಿ ಮಹಡಿಯಲ್ಲಿ ಕೂಡಿಹಾಕಿದ್ದಾನೆ. ಮರಣದಂಡನೆಯ ಡಂಗುರ ಕೇಳಿ ಆ ಆಳು ಬೇಡಿಯೊಡನೆ ಮೇಲಿನಿಂದ ಧುಮುಕಿ ನಿಜವನ್ನು ಕೂಗಿ ಹೇಳುತ್ತಾನೆ. ಆಳಿನ ಮಾತೆಂದು ಯಾರೂ ನಂಬುವುದಿಲ್ಲ! ಸತ್ತಳೆಂದುಕೊಂಡ ವಸಂತಸೇನೆಯೇ ಜೀವಂತ ಬಂದು ನಿಂತಾಗ ಚಾರುದತ್ತ ಉಳಿಯುತ್ತಾನೆ. ನಾಟಕದಲ್ಲಿ ವಸಂತಸೇನೆ ಬಂದಳು. ಬಾಳಿನಲ್ಲಿ ಎಷ್ಟು ಸಲ ಬರುತ್ತಾಳೆ?

ಹಾಗಾದರೆ ಸಾಕ್ಷಿಗೆ ಧೈರ್ಯ ಎಲ್ಲಿಂದ ಬರಬೇಕು? ಕಾಯಿದೆಯಿಂದ ಸ್ವಲ್ಪ ಬರುತ್ತದೆ. 2018ರ ಡಿಸೆಂಬರ್ 5ರಂದು ಸುಪ್ರೀಂ ಕೋರ್ಟು ಸಾಕ್ಷಿಗಳ ರಕ್ಷಣೆಯ ಯೋಜನೆಗೆ ಒಪ್ಪಿಗೆ ಕೊಟ್ಟು, ದೇಶದಾದ್ಯಂತ ಜಾರಿಗೆ ತರುವಂತೆ ಹೇಳಿತು. ಆದರೆ ಒಳಗಿನ ಧೈರ್ಯವನ್ನು ಕಾಯಿದೆ ಕೊಡಲಾರದು. ಅದನ್ನು ಬೆಳೆಸಿದ್ದು ನಮ್ಮ ಪುರಾಣ, ಕಾವ್ಯ, ನಾಟಕಗಳು. ಹಂಪೆಯ ರಾಘವಾಂಕ ಕನ್ನಡದಲ್ಲಿ ಹಾಡಿದ ಹರಿಶ್ಚಂದ್ರನನ್ನು ಕಂಪನಿ ನಾಟಕಗಳು ಹಳ್ಳಿಹಳ್ಳಿಗೆ ತಂದವು. ಗಾಂಧೀಜಿ ಹುಡುಗನಾಗಿದ್ದಾಗ ಹರಿಶ್ಚಂದ್ರ ನಾಟಕ ನೋಡಿ, ಎಲ್ಲರೂ ಇವನಂತೆ ಸತ್ಯವಂತರೇಕೆ ಆಗಬಾರದೆಂದು ಕೇಳಿಕೊಂಡುದನ್ನು ಆತ್ಮಕಥೆಯಲ್ಲಿ ಬರೆದಿದ್ದಾರೆ. ಆ ಹುಡುಗನೇ ಮುಂದೆ ಬ್ಯಾರಿಸ್ಟರನಾದ. 1922ರ ಮಾರ್ಚ್ 18ರಂದು ಅಹಮದಾಬಾದಿನಲ್ಲಿ ಆರೋಪಿಯಾಗಿ ನಿಂತು, ತನ್ನ ಮೇಲಿನ ಆರೋಪವನ್ನು ತಾನೇ ಒಪ್ಪಿಕೊಂಡು, ಆರು ವರ್ಷದ ಶಿಕ್ಷೆಯನ್ನು ಸಂತೋಷದಿಂದ ಸ್ವೀಕರಿಸಿದ. ಒಂದು ರಾತ್ರಿಯ ನಾಟಕ ಎಷ್ಟು ದೂರ ಕರೆದೊಯ್ಯಬಲ್ಲದು ನೋಡಿ.

ಕಚೇರಿ ಕೇಳಲಾರದ ಪ್ರಶ್ನೆಗಳನ್ನೂ ರಂಗಸ್ಥಳ ಕೇಳುತ್ತದೆ. ‘ಸಂಗ್ಯಾ ಬಾಳ್ಯಾ’ ಸಣ್ಣಾಟ ನಿಮಗೆಲ್ಲ ಗೊತ್ತು. ಬೈಲಹೊಂಗಲದ ಕಡೆ ನಿಜವಾಗಿ ನಡೆದ ಕೊಲೆಯ ಕಥೆಯೆಂದು ಜನ ಅದನ್ನು ನಂಬಿದ್ದಾರೆ. ಕೊಂದವರು ಯಾರು ಎಂಬಲ್ಲಿಗೆ ಕಚೇರಿಯ ಕೆಲಸ ಮುಗಿಯುತ್ತದೆ. ಆಟ ನೋಡುವವರು ಅಲ್ಲಿಗೆ ನಿಲ್ಲುವುದಿಲ್ಲ. ಪರರ ಹೆಂಡತಿಗೆ ಆಸೆಪಟ್ಟ ಸಂಗ್ಯಾನ ತಪ್ಪೆಷ್ಟು, ಗೆಳೆಯನನ್ನೇ ಮಾರಿದ ಬಾಳ್ಯಾನ ತಪ್ಪೆಷ್ಟು, ಗಂಗಿಯ ಕಣ್ಣೀರಿಗೆ ಹೊಣೆ ಯಾರು ಎಂದು ಬೆಳಗಾಗುವವರೆಗೆ ತೂಗುತ್ತಾರೆ. ಹೀಗೆ ತೂಗಲು ಕಲಿತ ಊರಿನಲ್ಲಿ ಸುಳ್ಳು ಸಾಕ್ಷಿ ಹೇಳುವವನಿಗೆ ಸ್ವಲ್ಪವಾದರೂ ನಾಚಿಕೆ ಉಳಿದಿರುತ್ತದೆ.

ಈ ಶಕ್ತಿಯನ್ನು ಕಂಡೇ ಬ್ರಿಟಿಷ್ ಸರ್ಕಾರ ಹೆದರಿತು. 1876ರಲ್ಲಿ ನಾಟಕ ಪ್ರದರ್ಶನಗಳ ಕಾಯಿದೆ ತಂದು, ತನಗೆ ಸೇರದ ನಾಟಕವನ್ನು ನಿಲ್ಲಿಸುವ ಅಧಿಕಾರ ಪಡೆಯಿತು. ಸ್ವಾತಂತ್ರ್ಯ ಬಂದ ಮೇಲೂ ಕಾಯಿದೆ ಹೋಗಲಿಲ್ಲ. ಪ್ರೇಮಚಂದರ ‘ಈದಗಾಹ್’ ಕಥೆಯನ್ನು 1953ರಲ್ಲಿ ಲಖನೌದಲ್ಲಿ ಆಡಿದವರ ಮೇಲೆ ಅದೇ ಕಾಯಿದೆಯಡಿ ಮೊಕದ್ದಮೆ ನಡೆಯಿತು. 1956ರಲ್ಲಿ ಅಲಹಾಬಾದ್ ಹೈಕೋರ್ಟು ಆ ಕಾಯಿದೆ ಸಂವಿಧಾನಕ್ಕೆ ಹೊಂದುವುದಿಲ್ಲವೆಂದು ತೀರ್ಪು ಕೊಟ್ಟಿತು. ಪಾರ್ಲಿಮೆಂಟು ಅದನ್ನು ಪೂರ್ತಿ ತೆಗೆದುಹಾಕಿದ್ದು 2018ರಲ್ಲಿ. ಹೀಗೆ ರಂಗಸ್ಥಳ ನ್ಯಾಯಸ್ಥಾನಕ್ಕೆ ಸಾಕ್ಷಿಯನ್ನು ತಯಾರು ಮಾಡಿಕೊಟ್ಟರೆ, ನ್ಯಾಯಸ್ಥಾನ ರಂಗಸ್ಥಳವನ್ನು ಕಾಪಾಡಿದೆ.

ಈಗ ನಮ್ಮ ಸೀಮೆಯ ಮಾತಿಗೆ ಬರುತ್ತೇನೆ. ನಿಜಾಮರ ಕಾಲದಲ್ಲಿ ಕಚೇರಿಯ ಭಾಷೆ ಮೊದಲು ಪಾರ್ಸಿ, ಆಮೇಲೆ ಉರ್ದು. ಗದ್ವಾಲ, ಆಲಂಪುರ ತಾಲೂಕುಗಳು ರಾಯಚೂರು ಜಿಲ್ಲೆಯಲ್ಲಿದ್ದವು. 1956ರ ನವೆಂಬರ್ 1ರಂದು ಆಂಧ್ರಪ್ರದೇಶಕ್ಕೆ ಸೇರಿದವು. ಕಚೇರಿಗೆ ತೆಲುಗು, ಇಂಗ್ಲಿಷು ಬಂದವು. 2016ರಲ್ಲಿ ಗದ್ವಾಲ, 2019ರಲ್ಲಿ ನಾರಾಯಣಪೇಟೆ ಜಿಲ್ಲೆಗಳಾದವು. 2022ರ ಜೂನ್‌ನಲ್ಲಿ ತೆಲಂಗಾಣದ ಹೊಸ ಜಿಲ್ಲೆಗಳಿಗೆ ಅವುಗಳದೇ ಜಿಲ್ಲಾ ನ್ಯಾಯಾಲಯಗಳೂ ಬಂದವು. ಮಹಬೂಬನಗರಕ್ಕೆ ಅಲೆಯುವುದು ತಪ್ಪಿತು. ಇದು ಸಂತೋಷದ ಸಂಗತಿ.

ಆದರೆ ಕಟ್ಟಡ ಹತ್ತಿರವಾದ ಮಾತ್ರಕ್ಕೆ ಮಾತು ಹತ್ತಿರವಾಗುವುದಿಲ್ಲ. ಕೃಷ್ಣೆಯ ದಂಡೆಯ ಕನ್ನಡ ಮನೆಮಾತಿನ ಒಬ್ಬ ಮುದುಕ ಒಮ್ಮೆ ವಿಚಾರಣೆ ಮುಗಿಸಿ ಹೊರಗೆ ಬಂದು ನನ್ನ ಕೈ ಹಿಡಿದು ಕೇಳಿದ: “ವಕೀಲಪ್ಪಾ, ಒಳಗ ನನ್ನ ಬಗ್ಗೆ ಏನಂದ್ರು?” ತನ್ನದೇ ಹೊಲದ ದಾವೆಯಲ್ಲಿ ಅವನು ಪರಸ್ಥಳದವನಾಗಿ ನಿಂತಿದ್ದ. ಆದರೆ ಅದೇ ಮುದುಕ ಜಾತ್ರೆಯಲ್ಲಿ ಹರಿಶ್ಚಂದ್ರನ ಒಂದೊಂದು ಮಾತಿಗೂ ತಲೆದೂಗುತ್ತಿದ್ದ. ನ್ಯಾಯ ಅನ್ಯಾಯ ತಿಳಿಯದವನಲ್ಲ ಅವನು. ತಿಳಿಯುವ ಮಾತಿನಲ್ಲಿ ಅವನಿಗೆ ಯಾರೂ ಹೇಳಿರಲಿಲ್ಲ, ಅಷ್ಟೆ.

ಆರೋಪಿಗೆ ತಿಳಿಯದ ಭಾಷೆಯಲ್ಲಿ ಸಾಕ್ಷ್ಯ ನಡೆದರೆ, ಅದನ್ನು ಅವನಿಗೆ ತಿಳಿಯುವ ಭಾಷೆಯಲ್ಲಿ ತುಂಬಿದ ಕಚೇರಿಯಲ್ಲಿ ಹೇಳಬೇಕೆಂಬ ನಿಯಮ 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿತ್ತು. 2024ರ ಜುಲೈ 1ರಿಂದ ಬಂದ ಹೊಸ ಸಂಹಿತೆಯಲ್ಲೂ ಇದೆ. ಕೇಳಿ ಪಡೆಯುವವರು ಬೇಕು. ಉಚಿತ ಕಾನೂನು ನೆರವು ಕೊಡಲು 1987ರ ಕಾಯಿದೆಯಿದೆ. ಬಡವನೂ ವಕೀಲರನ್ನು ಕೇಳಬಹುದು. ಇದನ್ನು ಹಳ್ಳಿಗೆ ಯಾರು ತಲುಪಿಸಬೇಕು? ನಾಟಕದವರೇ ತಲುಪಿಸಬಲ್ಲರು. ಹಾಸ್ಯಗಾರ ಎರಡು ಮಾತಿನಲ್ಲಿ ಹೇಳಿದ್ದು ನಮ್ಮಂಥವರ ಹತ್ತು ಭಾಷಣಕ್ಕಿಂತ ಹೆಚ್ಚು ನಾಟುತ್ತದೆ.

ಮಹನೀಯರೇ, ಕೊನೆಯದಾಗಿ ಒಂದೇ ಪ್ರಾರ್ಥನೆ. ರಾತ್ರಿ ಹರಿಶ್ಚಂದ್ರನಿಗಾಗಿ ಅತ್ತ ನಾವೇ ಬೆಳಗ್ಗೆ ನೆರೆಯವನ ಪರ ಸಾಕ್ಷಿ ಹೇಳಲು ಕರೆದರೆ, “ನಾನು ಊರಲ್ಲಿರಲಿಲ್ಲ” ಎನ್ನುತ್ತೇವೆ. ಸ್ಥಾವರಕ ಬೇಡಿ ತೊಟ್ಟು ಮಹಡಿಯಿಂದ ಧುಮುಕಿದ. ನಮ್ಮ ಕಾಲಿಗೆ ಬೇಡಿಯಿಲ್ಲ, ನಾವು ಕಟ್ಟೆಯಿಂದ ಎದ್ದು ಬಂದರೆ ಸಾಕು. ಮತ್ತೊಬ್ಬ ಸ್ಥಾವರಕ ಎದ್ದು ಬಂದಾಗ, ಅವನು ಆಳೆಂದು ತಳ್ಳಿಹಾಕದೆ ಅವನ ಮಾತು ಕೇಳೋಣ. ನಾಟಕದ ಕೊನೆಯಲ್ಲಿ ಶೂದ್ರಕ ಅವನಿಗೆ ದಾಸ್ಯದಿಂದ ಬಿಡುಗಡೆ ಕೊಡಿಸುತ್ತಾನೆ. ನಮ್ಮ ಸಮಾಜಕ್ಕೂ ಅಂಥ ಅಂಕ ಬರಲಿ.

ಬಣ್ಣ ಹಚ್ಚಿದವರು ಪರದೆಯ ಹಿಂದೆ ಕಾಯುತ್ತಿದ್ದಾರೆ.