ಗಿಟಾರಿನ ಜವಾರಿ

(ಪುಣೆಯಲ್ಲಿ ನಮ್ಮ ಸಂಘದ ತಿಂಗಳ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಈ ಸಂಘದಲ್ಲಿ ನಾನು ಹಿಂದೆ ಮೂರು ಬಾರಿ ಮಾತನಾಡಿದ್ದೇನೆ. ಒಮ್ಮೆ ಗಡಿಯ ಪ್ರಶ್ನೆಯನ್ನು ಕುರಿತು, ಒಮ್ಮೆ ಹೊರನಾಡಿನ ಮಕ್ಕಳ ಕನ್ನಡ ಕಲಿಕೆಯನ್ನು ಕುರಿತು, ಇನ್ನೊಮ್ಮೆ ವರ್ಷದ ಲೆಕ್ಕಪತ್ರವನ್ನು ಒಪ್ಪಿಸುತ್ತ. ಇಂದಿನ ವಿಷಯ ವಿದ್ಯುತ್ ಗಿಟಾರ್ ಎಂದು ಆಮಂತ್ರಣದಲ್ಲಿ ಓದಿ, ಮುದ್ರಣದೋಷವಿರಬೇಕೆಂದು ಇಬ್ಬರು ಹಿರಿಯರು ದೂರವಾಣಿ ಮಾಡಿ ವಿಚಾರಿಸಿದರು. ದೋಷವಲ್ಲ. ನಲವತ್ತು ವರ್ಷಗಳಿಂದ ನಾನು ಆ ವಾದ್ಯದ ವ್ಯಾಮೋಹಿ. ನನ್ನ ಕೈಯಾರೆ ಮಾಡಿದ ಒಂದು ಗಿಟಾರ್ 1994ರಿಂದ ನನ್ನ ಮನೆಯಲ್ಲಿದೆ. ಸಂಘದವರು ಮನೆಗೆ ಬಂದಾಗಲೆಲ್ಲ ಅದನ್ನು ಕಪಾಟಿನಲ್ಲಿಟ್ಟು ಬಾಗಿಲು ಹಾಕುತ್ತಿದ್ದೆ. ಏಕೆ ಹಾಗೆ ಮಾಡಿದೆನೆಂಬುದನ್ನು ಹೇಳುವುದಕ್ಕಾಗಿಯೇ ಇಂದು ನಿಂತಿದ್ದೇನೆ.

ನಾನು ಧಾರವಾಡದ ಕಡೆಯವನು. 1979ರಲ್ಲಿ ಪಿಂಪ್ರಿಯ ಕಾರ್ಖಾನೆಯೊಂದರ ಟೂಲ್‌ರೂಮಿಗೆ ಸೇರಿ ಪುಣೆಗೆ ಬಂದೆ. ನಮ್ಮ ತಂದೆ ಪ್ರಾಥಮಿಕ ಶಾಲೆಯ ಮಾಸ್ತರರು. ಸಂಜೆ ಭಜನೆ, ಮನೆಯಲ್ಲಿ ಒಂದು ಮಿರಜಿನ ತಂಬೂರಿ. ಪ್ರತಿ ಡಿಸೆಂಬರಿನಲ್ಲಿ ರಾತ್ರಿ ರೈಲು ಹಿಡಿದು ಸವಾಯಿ ಗಂಧರ್ವ ಉತ್ಸವಕ್ಕೆ ಬರುತ್ತಿದ್ದರು. ಕುಂದಗೋಳದ ಗುರುವಿನ ಹೆಸರಿನಲ್ಲಿ ಗದಗಿನ ಶಿಷ್ಯ ಭೀಮಸೇನ ಜೋಶಿಯವರು 1953ರಿಂದ ಮರಾಠಿಗರ ಊರಿನಲ್ಲಿ ನಡೆಸಿಕೊಂಡು ಬಂದ ಉತ್ಸವ ಅದು. ರಮಣಬಾಗ ಶಾಲೆಯ ಮೈದಾನದಲ್ಲಿ ಕಂಬಳಿ ಹೊದ್ದು ಕುಳಿತ ತಂದೆಯವರ ಪಕ್ಕದಲ್ಲಿ ನಾನೂ ಕುಳಿತಿರುತ್ತಿದ್ದೆ. ಆದರೆ ನನ್ನ ಕಿವಿಯೊಳಗೆ ಬೇರೊಂದು ನಾದವೂ ಹೊಕ್ಕಿತ್ತು. ಕ್ಯಾಂಪಿನ ಕ್ಯಾಸೆಟ್ ಅಂಗಡಿಗಳ ಮುಂದೆ ಸಂಬಳದ ದಿನ ಗಂಟೆಗಟ್ಟಲೆ ನಿಂತು ಕೇಳಿದ ನಾದ ಅದು. ತಪ್ಪು ಮಾಡುತ್ತಿದ್ದೇನೆಂದು ಆಗ ಅನಿಸುತ್ತಿತ್ತು. ಮನೆಯ ಊಟ ಬಿಟ್ಟು ಹೊರಗೆ ಉಂಡುಬಂದವನ ಹಾಗೆ.

ಮೊದಲು ಕೊಂಡದ್ದು ಕಲಕತ್ತೆಯಲ್ಲಿ ತಯಾರಾದ ಗಿವ್ಸನ್. ಅಮೆರಿಕದ ಗಿಬ್ಸನ್ನಿಗೂ ಅದಕ್ಕೂ ಒಂದಕ್ಷರದ ವ್ಯತ್ಯಾಸ, ಬೆಲೆಯಲ್ಲಿ ಮನೆಯೊಂದರ ಮುಂಗಡದಷ್ಟು ವ್ಯತ್ಯಾಸ. ನಮ್ಮ ಕಾಲದ ಹುಡುಗರ ಬೆರಳು ಬೊಬ್ಬೆಯೆದ್ದದ್ದೆಲ್ಲ ಆ ಗಿವ್ಸನ್ನಿನ ಮೇಲೆಯೇ.

ಈ ವಾದ್ಯದ ಹುಟ್ಟನ್ನು ಸ್ವಲ್ಪ ಹೇಳಬೇಕು. 1931ರಲ್ಲಿ ಅಮೆರಿಕದಲ್ಲಿ ಜಾರ್ಜ್ ಬೋಶಾಂ ಮತ್ತು ಸಂಗಡಿಗರು ಮೊದಲ ಮಾದರಿಯನ್ನು ಸಿದ್ಧಪಡಿಸಿದರು. ಮರುವರ್ಷ ರಿಕನ್‌ಬ್ಯಾಕರ್ ಕಂಪನಿ ಅದನ್ನು ಮಾರಾಟಕ್ಕೆ ತಂದಿತು. ಬಾಣಲೆಯಂತೆ ಕಾಣುತ್ತಿದ್ದುದರಿಂದ ಅದಕ್ಕೆ ಬಾಣಲೆಯೆಂದೇ ಅಡ್ಡಹೆಸರು ಬಿತ್ತು. ಅದು ರಾಕ್ ಸಂಗೀತಕ್ಕಾಗಿ ಹುಟ್ಟಿದ್ದಲ್ಲ. ತೊಡೆಯ ಮೇಲಿಟ್ಟು ಉಕ್ಕಿನ ತುಂಡನ್ನು ತಂತಿಯ ಮೇಲೆ ಜಾರಿಸಿ ನುಡಿಸುವ ಹವಾಯಿ ಗಿಟಾರ್. ಮೀಂಡಿಗೆ ಹೇಳಿಮಾಡಿಸಿದ್ದು. ಹಾಗಾಗಿ ನಮ್ಮ ದೇಶದಲ್ಲಿ ಬೇಗ ಬೇರುಬಿಟ್ಟಿತು. ಹಿಂದಿ ಚಿತ್ರಗೀತೆಗಳನ್ನು ನುಡಿಸಿ ಹೆಸರಾದ ವ್ಯಾನ್ ಶಿಪ್ಲಿಯವರು ತಮ್ಮದೇ ವಿನ್ಯಾಸದ ಎಂಟು ತಂತಿಯ ವಿದ್ಯುತ್ ಗಿಟಾರನ್ನು ಬಳಸುತ್ತಿದ್ದರು. ಇಂದಿನ ಹುಡುಗರು 'ಕಸ್ಟಮ್' ಎನ್ನುವುದು, ಅಂದರೆ ನುಡಿಸುವವನ ಕೈಗೆ, ಕಿವಿಗೆ ತಕ್ಕಂತೆ ಮಾಡಿಸಿದ ವಾದ್ಯವೆಂಬುದು, ಹೊಸದೇನೂ ಅಲ್ಲ.

ಮಾಡಿಸುವುದು ಎಂದೆ. ಅದು ನಮಗೆ ಎಷ್ಟು ಸಹಜವಾದ ಮಾತೆಂಬುದನ್ನು ತಿಳಿಯಲು ಇಲ್ಲಿಂದ ಕೆಲವೇ ತಾಸಿನ ದಾರಿಯ ಮಿರಜಿಗೆ ಹೋಗಬೇಕು. ಖಡ್ಗಗಳಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮನೆತನದವರು, ಖಡ್ಗಗಳ ಕಾಲ ಮುಗಿದ ಮೇಲೆ, ಹತ್ತೊಂಬತ್ತನೆಯ ಶತಮಾನದಲ್ಲಿ, ಸಿತಾರ್ ತಂಬೂರಿಗಳ ಕೆಲಸಕ್ಕೆ ತಿರುಗಿದರು. ಸೋರೆ ಬುರುಡೆಗಳು ಪಂಢರಪುರ, ಮಂಗಳವೇಢೆಗಳ ಕಡೆಯಿಂದ ಬರುತ್ತವೆ. ದೇಹವನ್ನೇ ವಾದ್ಯವಾಗಿ ಕಂಡ ಬಸವಣ್ಣನವರು ಬಿಜ್ಜಳನ ಲೆಕ್ಕ ಬರೆದ ಊರಿನ ಹೊಲಗಳಲ್ಲಿ ತಂಬೂರಿಯ ಬುರುಡೆ ಬೆಳೆಯುತ್ತದೆಂಬುದು ನನಗೆ ಇಂದಿಗೂ ಸೋಜಿಗ. 2024ರಲ್ಲಿ ಮಿರಜಿನ ಸಿತಾರ್ ಮತ್ತು ತಂಬೂರಿಗಳಿಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ತಂದೆಯವರ ತಂಬೂರಿಯನ್ನು ಮಾಡಿಕೊಟ್ಟ ಕುಶಲಕರ್ಮಿ ಮೊದಲು ಅವರನ್ನು ಕೂರಿಸಿ, ಹಾಡಿಸಿ, ಕೇಳಿ, ಆಮೇಲೆ ಕುದುರೆಯನ್ನು ತಿದ್ದಿದರಂತೆ.

ಆ ತಿದ್ದುವಿಕೆಯೇ ಜವಾರಿ. ಕುದುರೆಯ ಮೇಲ್ಮೈಯನ್ನು ಕೂದಲೆಳೆಯಷ್ಟು ಬಾಗಿಸಿ ಅರದಿಂದ ಉಜ್ಜುತ್ತಾರೆ. ತಂತಿಯಡಿ ಒಂದು ನೂಲಿನೆಳೆ ಇಡುತ್ತಾರೆ. ತಂತಿ ಅಲ್ಲಿ ತಾಗಿಯೂ ತಾಗದಂತೆ ಸವರುತ್ತ ಕಂಪಿಸುತ್ತದೆ. ಆಗ ಮೂಲಸ್ವರದೊಡನೆ ಅದರ ಉಪಸ್ವರಗಳೆಲ್ಲ ಎದ್ದು ಬಂದು, ಜೇನುಹುಟ್ಟಿನ ಹತ್ತಿರ ನಿಂತಂತಹ ಝೇಂಕಾರ ಉಂಟಾಗುತ್ತದೆ. ನಮ್ಮ ಕಡೆ ಜವಾರಿ ಎಂದರೆ ನಾಟಿ ತಳಿ: ಜವಾರಿ ಬದನೆಕಾಯಿ, ಜವಾರಿ ಹತ್ತಿ. ಎರಡು ಪದಗಳ ಮೂಲ ಒಂದೇ ಇರಲಿಕ್ಕಿಲ್ಲ. ಆದರೂ ಈ ಕಾಕತಾಳೀಯ ನನಗೆ ಪ್ರಿಯ.

ಇನ್ನು ನನ್ನ ಗಿಟಾರಿನ ಕಥೆ. 1993ರಲ್ಲಿ ನಮ್ಮ ಊರಿನ ಮನೆ ಅಣ್ಣತಮ್ಮಂದಿರ ನಡುವೆ ಪಾಲಾಯಿತು. ನನ್ನ ಪಾಲಿಗೆ ಬಂದದ್ದರಲ್ಲಿ ಅಜ್ಜನ ಕಾಲದ ಸಾಗವಾನಿ ತೂಗುಮಣೆಯೂ ಒಂದು. ಪುಣೆಯ ಎರಡು ಕೋಣೆಯ ಮನೆಯಲ್ಲಿ ತೂಗುಮಣೆಯನ್ನು ಎಲ್ಲಿ ತೂಗುಹಾಕುವುದು? ವರ್ಷವೊಂದು ಅದು ಗೋಡೆಗೆ ಒರಗಿಕೊಂಡಿತ್ತು. ಆಗಲೇ ನಾನು ಬ್ರಯಾನ್ ಮೇ ಎಂಬಾತನ ವಿಚಾರವನ್ನು ಓದಿದ್ದು. ಆತ 1963ರಲ್ಲಿ, ಹದಿಹರೆಯದಲ್ಲಿ, ತನ್ನ ತಂದೆಯ ಜತೆ ಕುಳಿತು ಮನೆಯಲ್ಲೇ ಗಿಟಾರ್ ಮಾಡಲು ಹೊರಟ. ಕುತ್ತಿಗೆಗೆ ಹಳೆಯ ಅಗ್ಗಿಷ್ಟಿಕೆಯ ಮೇಲಿನ ಮರದ ತೊಲೆ, ಸ್ವರ ನಡುಗಿಸುವ ಸಾಧನಕ್ಕೆ ಮೋಟರ್ ಸೈಕಲ್ಲಿನ ಸ್ಪ್ರಿಂಗು, ಬೆರಳುಹಲಗೆಯ ಚುಕ್ಕೆಗಳಿಗೆ ತಾಯಿಯ ಡಬ್ಬಿಯ ಗುಂಡಿಗಳು. ಸುಮಾರು ಎರಡು ವರ್ಷ ಹಿಡಿಯಿತು. ಮುಂದೆ ಕ್ವೀನ್ ತಂಡದಲ್ಲಿ ಆತ ಬಾಳಿನುದ್ದಕ್ಕೂ ನುಡಿಸಿದ್ದು ಅದನ್ನೇ. ಆ ತಂಡದ ಗಾಯಕ ಫ್ರೆಡಿ ಮರ್ಕ್ಯುರಿ ಹುಟ್ಟಿನಿಂದ ಫಾರೂಖ್ ಬಲ್ಸಾರಾ, ಪಾರ್ಸಿ ಮನೆತನದವನು. 1950ರ ದಶಕದಲ್ಲಿ ಪಕ್ಕದ ಪಂಚಗನಿಯ ಸೇಂಟ್ ಪೀಟರ್ಸ್ ಶಾಲೆಯ ವಸತಿ ವಿದ್ಯಾರ್ಥಿಯಾಗಿದ್ದು, ಅಲ್ಲಿಯೇ ಗೆಳೆಯರೊಂದಿಗೆ ದಿ ಹೆಕ್ಟಿಕ್ಸ್ ಎಂಬ ತಂಡ ಕಟ್ಟಿ ಪಿಯಾನೊ ನುಡಿಸಿದವನು. ಭಾನುವಾರ ನಾವು ಸ್ಟ್ರಾಬೆರಿ ತಿನ್ನಲು ಹೋಗುವ ಪಂಚಗನಿ.

ಅಗ್ಗಿಷ್ಟಿಕೆಯ ತೊಲೆ ಗಿಟಾರಾಗುವುದಾದರೆ ತೂಗುಮಣೆ ಏಕಾಗಬಾರದು? ಪಾಳಿ ಮುಗಿದ ಮೇಲೆ ಮೇಲಧಿಕಾರಿಯ ಅಪ್ಪಣೆ ಪಡೆದು ಟೂಲ್‌ರೂಮಿನಲ್ಲೇ ಅಳತೆ ಹಾಕಿದೆ. ತಂತಿಯ ಉದ್ದ 648 ಮಿಲಿಮೀಟರ್. ಅದನ್ನು 17.817ರಿಂದ ಭಾಗಿಸಿದರೆ ಮೊದಲ ಮೆಟ್ಟಿಲಿನ ದೂರ ಬರುತ್ತದೆ, 36.37. ಉಳಿದುದನ್ನು ಮತ್ತೆ ಅದರಿಂದಲೇ ಭಾಗಿಸುತ್ತ ಹೋದರೆ ಹನ್ನೆರಡನೆಯ ಮೆಟ್ಟಿಲು ಸರಿಯಾಗಿ ಅರ್ಧಕ್ಕೆ, 324ಕ್ಕೆ, ಬಂದು ನಿಲ್ಲುತ್ತದೆ. ಮೇಲಿನ ಷಡ್ಜ ಅಲ್ಲಿದೆ. ಕಾಗದದ ಮೇಲೆ ಅದು ಮೊದಲ ಸಲ ಕೂಡಿಬಂದ ರಾತ್ರಿ ನಾನು ಒಬ್ಬನೇ ನಕ್ಕಿದ್ದೆ. ಮೋಟರ್ ಸುತ್ತುವ ಗೆಳೆಯನೊಬ್ಬ ಅಯಸ್ಕಾಂತಗಳ ಸುತ್ತ ಕೂದಲಿಗಿಂತ ತೆಳುವಾದ ತಾಮ್ರದ ತಂತಿಯನ್ನು ಸುಮಾರು ಎಂಟು ಸಾವಿರ ಸುತ್ತು ಸುತ್ತಿಕೊಟ್ಟ. ಮೂರು ಸಲ ತಂತಿ ಹರಿಯಿತು, ಮೂರು ಸಲವೂ ಮೊದಲಿನಿಂದ ಸುತ್ತಿದ. ತಂತಿ ಕಂಪಿಸಿದಾಗ ಆ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಅದನ್ನೇ ಪಿಕಪ್ ಎನ್ನುವುದು. ಮೆಟ್ಟಿಲುಗಳನ್ನು ಆ ಹಳೆಯ ಗಿವ್ಸನ್ನಿನಿಂದ ಕಿತ್ತು ತಂದೆ. ಬೆರಳುಹಲಗೆಗೆ ಅಜ್ಜಿಯ ಮುರಿದ ಪೆಟ್ಟಿಗೆಯ ಬೀಟೆ.

ಬೀಟೆಯ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲಾರೆ. ಬ್ರೆಜಿಲ್ ದೇಶದ ಬೀಟೆ ಸಿಗುವುದು ಕಷ್ಟವಾದಾಗ, 1969ರಲ್ಲಿ, ಅಮೆರಿಕದ ಮಾರ್ಟಿನ್ ಕಂಪನಿ ತನ್ನ ಗಿಟಾರುಗಳಿಗೆ ಭಾರತದ ಬೀಟೆಯನ್ನು ಹಿಡಿಯಿತು, ಉಳಿದವರೂ ಹಿಂಬಾಲಿಸಿದರು. ನಮ್ಮ ಸಹ್ಯಾದ್ರಿಯ ಮಳೆ ಕುಡಿದು ಬೆಳೆಯುವ ಮರ ಅಂದಿನಿಂದ ಲೋಕದ ಗಿಟಾರುಗಳ ಬೆರಳುಹಲಗೆಯಾಗಿದೆ. 2011ರ ಆಗಸ್ಟ್ 24ರಂದು ಅಮೆರಿಕದ ಅಧಿಕಾರಿಗಳು ಗಿಬ್ಸನ್ ಕಂಪನಿಯ ನ್ಯಾಶ್‌ವಿಲ್ ಮತ್ತು ಮೆಂಫಿಸ್ ಕಾರ್ಖಾನೆಗಳಿಗೆ ನುಗ್ಗಿ ಭಾರತದ ಬೀಟೆ ಮತ್ತು ಕರಿಮರದ ಹಲಗೆಗಳನ್ನು ವಶಪಡಿಸಿಕೊಂಡರು. ತಕರಾರು ಇದ್ದದ್ದು ನಮ್ಮ ದೇಶದ ಕಾನೂನಿನ ಬಗ್ಗೆ: ಆ ಪಟ್ಟಿ ಕೇವಲ ಕೊಯ್ದ ಮರವೇ, ಅಥವಾ ವಾದ್ಯದ ಅಂಗವೇ? ಮರವಾದರೆ ಹೊರಗೆ ಕಳಿಸುವಂತಿಲ್ಲ, ಅಂಗವಾದರೆ ಕಳಿಸಬಹುದು. 2012ರಲ್ಲಿ ಮಡಗಾಸ್ಕರಿನ ಕರಿಮರದ ಪ್ರಕರಣಕ್ಕಾಗಿ ಕಂಪನಿ ಮೂರು ಲಕ್ಷ ಡಾಲರ್ ದಂಡ ತೆತ್ತಿತು. ಭಾರತದ ಮರದ ವಿಷಯದಲ್ಲಿ ಕಾನೂನೇ ಸ್ಪಷ್ಟವಿಲ್ಲವೆಂದು ಕ್ರಮ ಕೈಬಿಟ್ಟರು. 2017ರ ಜನವರಿಯಲ್ಲಿ ಬೀಟೆಯ ಇಡೀ ಕುಲವೇ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣಕ್ಕೆ ಒಳಪಟ್ಟಿತು; ಸಿದ್ಧ ವಾದ್ಯಗಳಿಗೆ ವಿನಾಯಿತಿ ದೊರೆತದ್ದು 2019ರ ನವೆಂಬರಿನಲ್ಲಿ. ಕಾಡು ಉಳಿಯಬೇಕೆಂಬುದರಲ್ಲಿ ನನಗೆ ಎರಡು ಮಾತಿಲ್ಲ. ನನ್ನನ್ನು ಕಾಡಿದ್ದು ಬೇರೆ. ಮರ ನಮ್ಮದು, ಅರ ಹಿಡಿಯುವ ಕೈ ಮಿರಜಿನಲ್ಲಿದೆ, ಟೂಲ್‌ರೂಮುಗಳು ಪುಣೆಯ ತುಂಬ ಇವೆ. ಆದರೂ ಪಟ್ಟಿ ಕತ್ತರಿಸಿ ಕಳಿಸುವುದು ನಾವು, ಅದರ ಮೇಲೆ ಹೆಸರು ಕೆತ್ತುವವರು ಇನ್ನೊಬ್ಬರು. ಹತ್ತಿಯನ್ನು ಮ್ಯಾಂಚೆಸ್ಟರಿಗೆ ಕಳಿಸಿದವರ ಮೊಮ್ಮಕ್ಕಳು ನಾವು, ರೂಢಿಯಾಗಿರಬೇಕು.

1995ರ ಡಿಸೆಂಬರಿನಲ್ಲಿ ಉತ್ಸವಕ್ಕೆ ಬಂದ ತಂದೆಯವರು ಅದನ್ನು ನೋಡಿದರು. ತೂಗುಮಣೆಯನ್ನು ಗುರುತಿಸಿದರು. ಹಿಂಬದಿಯಲ್ಲಿ ಸರಪಳಿಯ ತೂತೊಂದನ್ನು ನಾನು ಮುಚ್ಚದೆ ಬಿಟ್ಟಿದ್ದೆ. ಅದರಲ್ಲಿ ಬೆರಳಿಟ್ಟು ಬಹಳ ಹೊತ್ತು ಕುಳಿತರು. ಬೈಯುತ್ತಾರೆಂದುಕೊಂಡೆ. ತಂತಿಯೊಂದನ್ನು ಮೀಟಿ, ಕಿವಿಗೊಟ್ಟು, ಕೇಳಿದರು: "ತಮ್ಮಾ, ಕೆಲಸ ಚೊಲೋ ಮಾಡೀದಿ. ಆದರ ಇದರ ಜವಾರಿ ಎಲ್ಲೈತಿ?"

ಆಂಪ್ಲಿಫೈಯರಿಗೆ ತಂತಿ ಸಿಕ್ಕಿಸಿದೆ. ಮೊದಲು ಶುದ್ಧ ಸ್ವರ ಕೇಳಿಸಿದೆ. ಅವರ ಮುಖ ಬದಲಾಗಲಿಲ್ಲ. "ಇಲ್ಲೈತ್ರಿ ಅಪ್ಪಾ" ಎಂದು ಗುಂಡಿ ತಿರುವಿ ಧ್ವನಿಯನ್ನು ಒಡೆಯಿಸಿದೆ. ಯಂತ್ರ ತಾಳುವುದಕ್ಕಿಂತ ಹೆಚ್ಚಿನ ಸಂಕೇತವನ್ನು ಅದಕ್ಕೆ ಕೊಟ್ಟಾಗ ಅಲೆಯ ನೆತ್ತಿ ಕತ್ತರಿಸಿಹೋಗಿ, ಮೂಲದಲ್ಲಿ ಅಷ್ಟಾಗಿ ಕೇಳದ ಉಪಸ್ವರಗಳು ಗುಂಪಾಗಿ ಏಳುತ್ತವೆ. ಇಂಗ್ಲಿಷಿನಲ್ಲಿ ಅದನ್ನು ಡಿಸ್ಟಾರ್ಷನ್, ವಿಕೃತಿ ಎನ್ನುತ್ತಾರೆ, ಕಿರಿಚಾಟವೆನ್ನುವವರೂ ಇದ್ದಾರೆ. ತಂದೆಯವರು ಷಡ್ಜವನ್ನೂ ಪಂಚಮವನ್ನೂ ಮತ್ತೆ ಮತ್ತೆ ಮೀಟಿಸಿ ಕೇಳಿದರು. ಕಡೆಗೆ, "ಹೌದು, ಐತಿ. ಸ್ವಲ್ಪ ಹೆಚ್ಚಾಗೈತಿ" ಎಂದರು. ಇಂದಿಗೂ ನಾನು ಕಂಡ ಅತ್ಯಂತ ನ್ಯಾಯವಾದ ರಾಕ್ ಸಂಗೀತ ವಿಮರ್ಶೆ ಅದು. ಅವರು 2001ರಲ್ಲಿ ತೀರಿಕೊಂಡರು. ತಂಬೂರಿ ಈಗ ನನ್ನಲ್ಲಿದೆ.

ಇಷ್ಟೆಲ್ಲ ತಿಳಿದ ಮನುಷ್ಯ ಏನು ಮಾಡಿದ ಎಂಬುದನ್ನೂ ಹೇಳಬೇಕು. 1998ರ ರಾಜ್ಯೋತ್ಸವಕ್ಕೆ ಮುನ್ನ ಮೂವರು ಹುಡುಗರು ನಾನಿದ್ದ ಸಮಿತಿಯ ಮುಂದೆ ಬಂದಿದ್ದರು. ಶಿಶುನಾಳ ಶರೀಫರ ಹಾಡುಗಳನ್ನು ಗಿಟಾರ್, ಡ್ರಮ್ಮುಗಳೊಂದಿಗೆ ಹಾಡುತ್ತೇವೆ, ಹದಿನೈದು ನಿಮಿಷ ಕೊಡಿ ಎಂದರು. ಕನ್ನಡದ ವೇದಿಕೆಯ ಮೇಲೆ ಆ ಗದ್ದಲ ಬೇಡವೆಂದು ಒಬ್ಬರು ಹೇಳಿದರು, ಉಳಿದವರು ತಲೆಯಾಡಿಸಿದರು. ನಾನೂ ಆಡಿಸಿದೆ. ಗಿಟಾರ್ ಕಪಾಟಿನಲ್ಲಿತ್ತು. ಆ ಹುಡುಗರಲ್ಲಿ ಒಬ್ಬ ನನ್ನ ಕೈಬೆರಳ ತುದಿಗಳನ್ನು ನೋಡಿದ. ಎಡಗೈ ಬೆರಳುಗಳಲ್ಲಿ ತಂತಿಯ ಗಂಟುಗಳಿದ್ದವು. ನುಡಿಸುವವನಿಗೆ ಅದು ತಿಳಿಯದಿರಲು ಸಾಧ್ಯವಿಲ್ಲ. ಅವನು ಏನೂ ಅನ್ನಲಿಲ್ಲ. ಮೂವರಲ್ಲಿ ಯಾರೂ ಮತ್ತೆ ಸಂಘದ ಮೆಟ್ಟಿಲು ಹತ್ತಲಿಲ್ಲ.

ಹತ್ತು ವರ್ಷದ ಮೇಲೆ, 2008ರಲ್ಲಿ, ರಘು ದೀಕ್ಷಿತರು ಗಿಟಾರ್ ಹಿಡಿದು ಹಾಡಿದ ಶರೀಫರ ಹಾಡುಗಳ ಧ್ವನಿಸುರುಳಿ ಬಂದು ಲೋಕವೆಲ್ಲ ಕೇಳಿದಾಗ ನಾವು ಹೆಮ್ಮೆಪಟ್ಟೆವು. 2010ರಿಂದ ಇದೇ ಊರಿನಲ್ಲಿ ಎನ್‌ಎಚ್7 ವೀಕೆಂಡರ್ ಎಂಬ ಸಂಗೀತೋತ್ಸವ ಆರಂಭವಾದಾಗ ನಮ್ಮ ಮನೆಗಳ ಮಕ್ಕಳು ಟಿಕೆಟು ಕೊಂಡು ಹೋದರು. ಮನೆಯಲ್ಲಿ ಹೇಳದೆ ಹೋದವರೂ ಇದ್ದರೆಂದು ಕೇಳಿದ್ದೇನೆ. ಅಡಗಿಸಿಡುವುದನ್ನು ಅವರು ಯಾರಿಂದ ಕಲಿತರೋ.

ಈಗ ಮತ್ತೆ ನಾಲ್ವರು ಬಂದಿದ್ದಾರೆ. ಇಬ್ಬರು ಹಿಂಜವಡಿಯ ಕಂಪನಿಗಳಲ್ಲಿರುವವರು, ಇಬ್ಬರು ಇನ್ನೂ ಕಾಲೇಜಿನವರು. ಭಾನುವಾರ ಬೆಳಿಗ್ಗೆ ಎರಡು ತಾಸು ಈ ಸಭಾಂಗಣವನ್ನು ಅಭ್ಯಾಸಕ್ಕೆ ಕೊಡಬೇಕೆಂಬ ಅವರ ಅರ್ಜಿ ಸಮಿತಿಯ ಮುಂದಿದೆ. ಅವರಲ್ಲೊಬ್ಬಳು ತನ್ನ ಅಳತೆಗೆ ಗಿಟಾರ್ ಮಾಡಬೇಕೆಂದು ಮರ ಹುಡುಕುತ್ತಿದ್ದಾಳೆ. ತೂಗುಮಣೆಯ ಉಳಿದ ಅರ್ಧ ನನ್ನಲ್ಲಿದೆ ಎಂದು ಹೇಳಿದ್ದೇನೆ. ಅರ್ಜಿಯ ಕೆಳಗೆ ಐದನೆಯ ಸಹಿ ನನ್ನದು. ತೂಗುಮಣೆಯ ಗಿಟಾರನ್ನು ಇಂದು ತಂದಿದ್ದೇನೆ, ತಂದೆಯವರ ತಂಬೂರಿಯನ್ನೂ ತಂದಿದ್ದೇನೆ. ಎರಡನ್ನೂ ಒಂದೇ ಶ್ರುತಿಗೆ ಕೂಡಿಸಿಟ್ಟಿದ್ದೇನೆ. ಒಂದು ವಿಷಯವನ್ನು ಮಾತ್ರ ಕಾರ್ಯದರ್ಶಿಗಳ ಗಮನಕ್ಕೆ ತರಬೇಕು. ವೇದಿಕೆಯ ಎಡಬದಿಯ ಪ್ಲಗ್ಗಿಗೆ ಅರ್ಥಿಂಗ್ ಇಲ್ಲ. ಮೈಕಿಗೆ ಇಷ್ಟು ವರ್ಷ ಹೇಗೋ ನಡೆದಿದೆ, ಗಿಟಾರಿಗೆ ನಡೆಯುವುದಿಲ್ಲ. ತಂತಿ ಹಿಡಿದವರಿಗೆ ಶಾಕ್ ಹೊಡೆಯುತ್ತದೆ. ಭಾನುವಾರದೊಳಗೆ ಅದನ್ನು ಸರಿಪಡಿಸಬೇಕು. ಉಪಕರಣಗಳು ನನ್ನ ಚೀಲದಲ್ಲಿವೆ, ಏಣಿಯೊಂದು ಸಿಕ್ಕಿದರೆ ಸಭೆ ಮುಗಿದ ಮೇಲೆ ನಾನೇ ನೋಡುತ್ತೇನೆ.